ಕೋಡಿಯ ಕೆಳಗೆ ಸಿಕ್ಕ ಹಾಲಪ್ಪನವರು

ನಮ್ಮೂರಿನಲ್ಲಿ ಒಬ್ಬ ಮನುಷ್ಯ ಫೋಟೋದಲ್ಲಿ ಬರುವುದು ಒಂದೇ ಸಲ. ಎರಡನೆಯ ಸಲ ಕ್ಯಾಮೆರಾದ ಮುಂದೆ ನಿಂತರೆ ಹಿಂದಿನ ಗೋಡೆ ಬರುತ್ತದೆ, ಪಕ್ಕದ ಹೂವಿನ ಕುಂಡ ಬರುತ್ತದೆ, ಮನುಷ್ಯ ಬರುವುದಿಲ್ಲ. ಮೈಮೇಲಿನ ಬಟ್ಟೆಯೂ ಅವನೊಂದಿಗೇ ಮಾಯ. ಕೈಯಲ್ಲಿ ಹಿಡಿದದ್ದು ಮಾತ್ರ ಉಳಿಯುತ್ತದೆ. ಹೀಗೇಕೆ ಎಂದು ನಮ್ಮಜ್ಜಿಯ ಕಾಲದಲ್ಲಿ ಯಾರಾದರೂ ಕೇಳುತ್ತಿದ್ದರೋ ಏನೋ, ನನಗೆ ಬುದ್ಧಿ ಬಂದಾಗಿನಿಂದ ಯಾರೂ ಕೇಳಿದ್ದನ್ನು ಕಾಣೆ. ನಮಗೆಲ್ಲ ಇದ್ದ ಚಿಂತೆ ಬೇರೆ. ಆ ಒಂದು ಸಲವನ್ನು ಯಾವಾಗ ಖರ್ಚು ಮಾಡುವುದು?

ಕೆಲವರು ಮಗುವಿಗೆ ಕತ್ತು ನಿಲ್ಲುವ ಹೊತ್ತಿಗೇ ತೆಗೆಸಿ ಮುಗಿಸಿಬಿಡುತ್ತಿದ್ದರು. ಪೋಸ್ಟ್‌ಮ್ಯಾನ್ ಮೌಲಾಸಾಬರ ಮನೆಯ ಗೋಡೆಯ ಮೇಲೆ ಇವತ್ತಿಗೂ ಬೋಳುತಲೆಯ ಒಂದು ಕೂಸು ಹೆಬ್ಬೆರಳು ಚೀಪುತ್ತಾ ಕೂತಿದೆ. ಅದು ತಾವೇ ಎಂದು ಅವರು ಬಂದವರಿಗೆಲ್ಲ ಮೀಸೆ ತಿರುವುತ್ತಾ ತೋರಿಸುತ್ತಾರೆ. ಇನ್ನು ಕೆಲವರು ಮದುವೆಗೆಂದು ಕಾದಿಡುತ್ತಿದ್ದರು. ಗಂಡಿನದು ಮುಂಚೆಯೇ ಮುಗಿದಿದ್ದರೆ ಮದುವೆಯ ಫೋಟೋದಲ್ಲಿ ಹೆಣ್ಣೊಬ್ಬಳೇ ನಿಂತಿರುತ್ತಾಳೆ, ಪಕ್ಕದಲ್ಲಿ ಒಂದು ತೆಂಗಿನಕಾಯಿ ಗಾಳಿಯಲ್ಲಿ ತೇಲುತ್ತಿರುತ್ತದೆ. ಅದನ್ನು ಯಾರೂ ಅಪಶಕುನ ಅನ್ನುವುದಿಲ್ಲ. "ಕಾಯಿ ಎಷ್ಟು ನೇರವಾಗಿ ಹಿಡಿದಿದಾನೆ ನೋಡು, ಜವಾಬ್ದಾರಿ ಇರೋ ಹುಡುಗ" ಅನ್ನುತ್ತಾರೆ. ನನ್ನದು ನನಗೆ ಗಂಡು ಹುಡುಕುವಾಗಲೇ ಮುಗಿದುಹೋಯಿತು. ಆ ಫೋಟೋ ನೋಡಿಯೂ ನನ್ನನ್ನು ಒಪ್ಪಿದರಲ್ಲ ಎಂದು ನಮ್ಮವರ ಮೇಲೆ ನನಗೆ ಮೊದಲ ಅಭಿಮಾನ ಹುಟ್ಟಿದ್ದು.

ಯಾಕೆಂದರೆ ಊರಿಗೆ ಇದ್ದದ್ದು ಒಂದೇ ಸ್ಟುಡಿಯೋ, ಹಾಲಪ್ಪನವರದು. ಎತ್ತರದ ಆಳು, ತಲೆಗೆ ಬಿಳಿ ರುಮಾಲು, ತುಟಿ ಸದಾ ಬಿಗಿ. ಒಂದೇ ಸಲ ಬರುವ ಮುಖ ಕೆಡಬಾರದು ಎನ್ನುವ ಭಯ ನಮಗಿಂತ ಅವರಿಗೇ ಹೆಚ್ಚು. ಮುಖಕ್ಕೆ ಪೌಡರು, ತಲೆಗೆ ಎಣ್ಣೆ, ಗದ್ದ ಕೆಳಗೆ, ಭುಜ ಮೇಲೆ, ಇಷ್ಟೆಲ್ಲ ಆದಮೇಲೆ ಕರಿ ಬಟ್ಟೆಯೊಳಗಿಂದ ಅವರ ದನಿ ಬರುತ್ತಿತ್ತು. "ಉಸಿರು ಬಿಗಿ ಹಿಡೀರಿ. ಅಲುಗಾಡಿದ್ರೆ ಆಯುಷ್ಯಪೂರ್ತಿ ಪಶ್ಚಾತ್ತಾಪ!" ಇಂಥ ಮಾತು ಕೇಳಿದಮೇಲೆ ಯಾರ ಮುಖ ನೆಟ್ಟಗಿರುತ್ತದೆ? ನಮ್ಮೂರಿನ ಯಾವ ಮನೆಗಾದರೂ ಹೋಗಿ ನೋಡಿ, ಗೋಡೆಯ ಮೇಲಿರುವವರೆಲ್ಲ ಈಗಷ್ಟೇ ಯಾವುದೋ ಕೆಟ್ಟ ಸುದ್ದಿ ಕೇಳಿದವರ ಹಾಗಿರುತ್ತಾರೆ.

ಹಾಲಪ್ಪನವರ ಸ್ವಂತದ್ದು ಮಾತ್ರ ಇನ್ನೂ ಉಳಿದಿತ್ತು. ಅದಕ್ಕೆಂದೇ ಬೂದು ಬಣ್ಣದ ಉಣ್ಣೆಯ ಕೋಟು ಹೊಲಿಸಿಟ್ಟಿದ್ದರು, ಎರಡು ಹಂಸ ಈಜುತ್ತಿರುವ ಪರದೆ ಬರೆಸಿಟ್ಟಿದ್ದರು. "ನನ್ನನ್ನ ತೆಗೆಯೋ ಕೈ ಈ ಊರಲ್ಲಿಲ್ಲ. ದೊಡ್ಡ ಪಟ್ಟಣದಿಂದ ಒಬ್ಬರನ್ನ ಕರೆಸ್ತೀನಿ" ಎಂದು ಊರಿಗೆಲ್ಲ ಹೇಳುತ್ತಿದ್ದರು. ಆ ಮಾತು ನಮ್ಮವರ ಕಿವಿಗೆ ಬಿದ್ದಾಗಲೆಲ್ಲ ಅವರು ಗಿರಣಿಯ ಪಟ್ಟಿ ಜೋರಾಗಿ ಬಿಗಿಯುತ್ತಿದ್ದರು.

ನಮ್ಮವರೆಂದರೆ ತಿಪ್ಪೇಸ್ವಾಮಿ. ಹೊಟ್ಟೆಪಾಡಿಗೆ ಹಿಟ್ಟಿನ ಗಿರಣಿ, ಜೀವ ಇರುವುದು ಜಪಾನಿನ ಒಂದು ಹಳೆಯ ಕ್ಯಾಮೆರಾದಲ್ಲಿ. ಹಿಟ್ಟಿಗೂ ಲೆನ್ಸಿಗೂ ಹುಟ್ಟಾ ವೈರ. ತೆರೆದಿಟ್ಟ ಲೆನ್ಸಿನ ಮೇಲೆ ಸ್ವಲ್ಪ ಹೊತ್ತಿನಲ್ಲೇ ಜೋಳದ ಪುಡಿ ಕೂರುತ್ತದೆ. ಹಾಗಾಗಿ ನನ್ನ ಹಪ್ಪಳದ ದೊಡ್ಡ ಡಬ್ಬ ಲೆನ್ಸುಗಳ ಪಾಲಾಯಿತು, ಹಪ್ಪಳ ಮೆತ್ತಗಾಯಿತು. ಊರಲ್ಲಿ ಯಾರೂ ತಮ್ಮ ಒಂದು ಸಲವನ್ನು ಒಬ್ಬ ಹವ್ಯಾಸಿಯ ಕೈಗೆ ಕೊಡುತ್ತಿರಲಿಲ್ಲ, ಆದರೆ ಫೋಟೋ ಬಗ್ಗೆ ನಮ್ಮವರ ಅಭಿಪ್ರಾಯಗಳನ್ನು ಕೇಳದೆ ಯಾರಿಗೂ ಹಿಟ್ಟು ಸಿಗುತ್ತಿರಲಿಲ್ಲ. ಐವತ್ತರ ಲೆನ್ಸು ಮರ್ಯಾದಸ್ಥ. ಮನುಷ್ಯ ಮನುಷ್ಯನನ್ನು ಎಷ್ಟು ದೂರದಿಂದ ನೋಡಬೇಕೋ ಅಷ್ಟೇ ದೂರದಿಂದ ನೋಡುತ್ತದೆ. ಅಗಲದ ಲೆನ್ಸು ಒಳ್ಳೆಯ ಮೂಗನ್ನೂ ಬದನೆಕಾಯಿ ಮಾಡುತ್ತದೆ. ಜೂಮ್ ಲೆನ್ಸು ನಡೆಯಲು ಬೇಜಾರಿರುವವರಿಗೆ. ಫ್ಲ್ಯಾಶ್ ಅಂದರೆ ಎದುರಿಗಿದ್ದವರ ಮುಖಕ್ಕೆ ಸುಣ್ಣ ಎರಚಿ ಓಡಿಹೋಗುವುದು. ಕಲರ್ ಫಿಲ್ಮು ಮದುವೆ ಊಟದ ಹಾಗೆ, ಎಲೆ ತುಂಬ ಇರುತ್ತದೆ, ಸಂಜೆಗೆ ಏನು ತಿಂದೆವೆಂದು ನೆನಪಿರುವುದಿಲ್ಲ. ಕಪ್ಪು ಬಿಳುಪಿನ ನಾನೂರು ಸ್ಪೀಡಿನ ರೀಲು ಅಂದರೆ ಅವರಿಗೆ ಪ್ರಾಣ.

"ಅಕ್ಕಿ ನುಣ್ಣಗೆ ಬೀಸಪ್ಪಾ" ಎಂದು ಯಾರಾದರೂ ಬಂದರೆ ಇವರು ಶುರು ಮಾಡುತ್ತಿದ್ದರು. "ನೂರರ ರೀಲು ಕೂಡ ಹಾಗೇ ಕಣಮ್ಮಾ, ಬಲು ನುಣುಪು. ಆದ್ರೆ ನಾನೂರರದ್ರಲ್ಲಿ ಸ್ವಲ್ಪ ತರಿ ಇರುತ್ತೆ. ತರಿ ಇರಬೇಕು. ಬಾಯಿಗೆ ಸಿಗಬೇಕು, ಕಣ್ಣಿಗೂ ಸಿಗಬೇಕು."

"ನನಗೆ ಇಡ್ಲಿಗಲ್ಲಪ್ಪ, ಕಡುಬಿಗೆ" ಎಂದು ಆಕೆ ಹೇಳುವಷ್ಟರಲ್ಲಿ ಇವರು ಅಪರ್ಚರಿಗೆ ಹೋಗಿರುತ್ತಿದ್ದರು.

ತೆಗೆಯಲು ಮುಖಗಳಿಲ್ಲದ್ದರಿಂದ ನಮ್ಮವರು ಮುಗಿದವರನ್ನೇ ತೆಗೆಯುತ್ತಿದ್ದರು. ಮುಗಿದವರೆಂದರೆ ನನ್ನಂಥವರು, ಮೌಲಾಸಾಬರಂಥವರು. ನಾನು ಚಪಾತಿ ಲಟ್ಟಿಸುವಾಗ ತೆಗೆದರೆ ಲಟ್ಟಣಿಗೆಯೊಂದೇ ಹಿಟ್ಟಿನ ಮೇಲೆ ಓರೆಯಾಗಿ ನಿಂತಿರುತ್ತದೆ. ಸೀರೆ ಹಿಂಡುವಾಗ ತೆಗೆದರೆ ತಿರುಚಿದ ಸೀರೆ ಗಾಳಿಯಲ್ಲಿ, ಅದರಿಂದ ನೀರು ಸುರಿಯುತ್ತಿರುತ್ತದೆ. ನಮ್ಮ ಮನೆಯಲ್ಲಿ ನನ್ನ ನೂರಾರು ಫೋಟೋಗಳಿವೆ, ಒಂದರಲ್ಲೂ ನಾನಿಲ್ಲ. ನೋಡಿದವರು ನಗುತ್ತಿದ್ದರು. ಆದರೆ ಆ ಸೀರೆ ಹಿಂಡಿದ ರೀತಿ ನೋಡಿದರೆ ಅವತ್ತು ನನಗೆ ಸಿಟ್ಟಿತ್ತು ಎಂದು ಹೇಳಬಹುದು. ಇಲ್ಲದ ಮನುಷ್ಯನನ್ನು ತೆಗೆದೂ ತೆಗೆದೂ, ಯಾವ ಗಳಿಗೆಯಲ್ಲಿ ಬಟನ್ ಒತ್ತಬೇಕು ಎನ್ನುವುದು ಅವರ ಬೆರಳಿಗೇ ಗೊತ್ತಾಗಿಬಿಟ್ಟಿತ್ತು.

ಬೀದಿಯಲ್ಲಿ ಕ್ಯಾಮೆರಾ ಹಿಡಿದು ನಡೆಯಬೇಕಾದರೆ ಲೆನ್ಸಿಗೆ ಮುಚ್ಚಳ ಹಾಕಿರಬೇಕು. ತೆಗೆಯುವ ಮುಂಚೆ "ಮುಚ್ಚಳ ತೆಗೆದೇ!" ಎಂದು ಗಟ್ಟಿಯಾಗಿ ಕೂಗಬೇಕು. ಕೂಗಿದರೆ ಉಳಿಸಿಕೊಂಡವರು ಛತ್ರಿ ಬಿಚ್ಚುತ್ತಾರೆ, ಕಂಬದ ಹಿಂದೆ ಸರಿಯುತ್ತಾರೆ, ಸೆರಗು ಎಳೆದುಕೊಳ್ಳುತ್ತಾರೆ; ಮುಗಿದವರು ತಮ್ಮ ಪಾಡಿಗೆ ಕಡಲೆಕಾಯಿ ಸುಲಿಯುತ್ತಿರುತ್ತಾರೆ. ಅಪ್ಪಣೆಯಿಲ್ಲದೆ ಒಬ್ಬರ ಒಂದು ಸಲವನ್ನು ಹಾಳು ಮಾಡಿದರೆ ಅದಕ್ಕಿಂತ ದೊಡ್ಡ ಅಪರಾಧ ನಮ್ಮಲ್ಲಿಲ್ಲ. ಹಾಳು ಮಾಡಿದವನು ತನ್ನ ಕ್ಯಾಮೆರಾವನ್ನು ತಾನೇ ತಂದು ಅವರ ಕೈಗೆ ಕೊಡಬೇಕು. ಆಮೇಲೆ ಅವರು ಏನು ಮಾಡಿದರೂ ಕೇಳುವ ಹಾಗಿಲ್ಲ. ಒಮ್ಮೆ ಯಾರೋ ನೆಂಟನ ಕ್ಯಾಮೆರಾ ಹೀಗೆಯೇ ಬಾವಿಗೆ ಬಿತ್ತು.

ಆ ವರ್ಷ ಕೆರೆ ಕೋಡಿ ಬಿತ್ತು. ಎಷ್ಟೋ ವರ್ಷಗಳ ಮೇಲೆ ತುಂಬಿದ ಕೆರೆ. ಅಂಗಡಿ ಮುಚ್ಚಿ ಊರಿಗೆ ಊರೇ ಏರಿಯ ಮೇಲೆ ಸೇರಿತ್ತು. ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ, ಕೂಗಾಟ. ಕೋಡಿಯ ಕಲ್ಲಿನ ಮೇಲಿಂದ ನೀರು ಬಿಳಿ ಗೋಡೆಯ ಹಾಗೆ ಇಳಿಯುತ್ತಿತ್ತು. ಅದರ ಮುಂದಿನ ಚಪ್ಪಡಿಯ ಮೇಲೆ, ಗೇಣುದ್ದ ನೀರಿನಲ್ಲಿ, ಮೌಲಾಸಾಬರು ಸೈಕಲ್ ಹೊಡೆಯುವುದು, ನಮ್ಮವರು ತೆಗೆಯುವುದು ಎಂದು ಇಬ್ಬರಿಗೂ ಮಾತಾಗಿತ್ತು. ಸವಾರನಿಲ್ಲದ ಸೈಕಲ್ಲು ಎರಡೂ ಕಡೆ ನೀರು ಚಿಮ್ಮಿಸುತ್ತಾ ನೆಟ್ಟಗೆ ಹೋಗುವ ಚಿತ್ರ ಅದು. ಅದಕ್ಕಾಗಿ ನಮ್ಮವರು ಎರಡು ದಿನ ನಿದ್ದೆ ಸರಿಯಾಗಿ ಮಾಡಿರಲಿಲ್ಲ.

ಮಂಡಿಯುದ್ದ ನೀರಿನಲ್ಲಿ ನಿಂತು ನಮ್ಮವರು "ಮುಚ್ಚಳ ತೆಗೆದೇ!" ಎಂದು ಕೂಗಿದರು. ಏರಿಯ ಮೇಲೆ ನಿಂತಿದ್ದ ನಮಗೇ ಅದು ಅರೆಬರೆ ಕೇಳಿಸಿತು. ಕೋಡಿಯ ಬುಡದಲ್ಲಿ ಯಾರಾದರೂ ಇದ್ದರೆ ಆ ಭೋರ್ಗರೆತದಲ್ಲಿ ಖಂಡಿತ ಕೇಳಿಸುತ್ತಿರಲಿಲ್ಲ. ಆದರೆ ಅಲ್ಲಿ ಯಾರೂ ಕಾಣುತ್ತಿರಲಿಲ್ಲ. ಮೌಲಾಸಾಬರು ಟೋಪಿ ಒತ್ತಿಕೊಂಡು "ಬಂದೇ ತಿಪ್ಪಣ್ಣಾ, ಬ್ರೇಕಿಲ್ಲ!" ಎಂದು ಬಂದೇಬಿಟ್ಟರು. ನಮ್ಮವರು ಬಟನ್ ಒತ್ತಿದರು. ಮೌಲಾಸಾಬರು ಸೈಕಲ್ಲಿನ ಸಮೇತ ಹೋಗಿ ಲಂಟಾನದ ಪೊದೆಯಲ್ಲಿ ಬಿದ್ದರು. ಊರೆಲ್ಲ ಚಪ್ಪಾಳೆ ತಟ್ಟಿತು.

ಮಾರನೆಯ ದಿನ ಮಧ್ಯಾಹ್ನ, ಗಿರಣಿಯ ಹಿಂದಿನ ಮೂಟೆ ಕೋಣೆಯ ಕಿಟಕಿಗೆ ಗೋಣಿ ಹೊಡೆದು, ಕೆಂಪು ಬಲ್ಬು ಹಾಕಿ ಪ್ರಿಂಟ್ ಹಾಕಲು ಕೂತೆವು. ಔಷಧಿ ನೀರಿನ ತಟ್ಟೆ ಅಲ್ಲಾಡಿಸುವ ಕೆಲಸ ಯಾವಾಗಲೂ ನನ್ನದು. ಬಿಳಿ ಕಾಗದದ ಮೇಲೆ ಮೊದಲು ಸೈಕಲ್ ಚಕ್ರ ಮೂಡಿತು, ಆಮೇಲೆ ರೆಕ್ಕೆಯ ಹಾಗೆ ಎದ್ದ ನೀರು. ಆಮೇಲೆ ಹಿಂದೆ, ಹ್ಯಾಂಡಲ್ಲಿನ ಮೇಲ್ಗಡೆ, ಏನೋ ಕಪ್ಪಗೆ.

"ಏನ್ರೀ, ಇಲ್ಲಿ ಯಾರೋ ಇದಾರೆ" ಅಂದೆ.

"ಯಾರು ಇರ್ತಾರೆ? ಕಲ್ಲಿರಬೇಕು."

"ಕಲ್ಲು ನಗ್ತಾ ಇದೆ."

ನಮ್ಮವರು ಬಗ್ಗಿ ನೋಡಿದರು. ಕೋಡಿಯ ನೀರಿನ ಕೆಳಗೆ ಒಬ್ಬ ಮನುಷ್ಯ, ಪಂಚೆ ಎತ್ತಿ ಕಟ್ಟಿ, ಎರಡೂ ಕೈ ಚಾಚಿ, ಬಾಯಿ ಅಗಲಿಸಿ ನಗುತ್ತಾ ನಿಂತಿದ್ದ. ಒದ್ದೆ ಕೂದಲು ಹಣೆಗೆ ಅಂಟಿತ್ತು. ಎದೆಯ ಮೇಲೆ ನೀರು ಒಡೆದು ಮುತ್ತಾಗಿತ್ತು. ಮುಂದಿನ ಎರಡು ಹಲ್ಲು ಇರಲಿಲ್ಲ, ಆ ಸಂದಿಯಿಂದಲೇ ಇಡೀ ನಗು ಹೊರಗೆ ಬರುತ್ತಿದೆಯೇನೋ ಅನ್ನಿಸುತ್ತಿತ್ತು. ನಮ್ಮ ಮನೆಯ ತಟ್ಟೆಯಲ್ಲಿ ಮನುಷ್ಯನ ಮುಖ ಅದೇ ಮೊದಲು. ನಮ್ಮವರು ನನ್ನ ಮೊಣಕೈ ಹಿಡಿದುಕೊಂಡರು. "ನಾಗೂ, ಮನುಷ್ಯ ಕಣೇ. ನಾನು ತೆಗೆದ ಮನುಷ್ಯ" ಅಂದರು. ಅವರ ಕಣ್ಣು ತುಂಬಿತ್ತು. ಆ ಸಂತೋಷ ಕಾಗದ ಇನ್ನೊಂದಿಷ್ಟು ಕಪ್ಪಾಗುವವರೆಗೆ ಮಾತ್ರ ಉಳಿಯಿತು. ಆಮೇಲೆ ಅವರು ನನ್ನ ಮೊಣಕೈ ಬಿಟ್ಟರು.

"ಅಯ್ಯಯ್ಯೋ. ಹಾಲಪ್ಪನೋರು."

ರುಮಾಲಿಲ್ಲದ ಹಾಲಪ್ಪನವರನ್ನು, ಅದರಲ್ಲೂ ನಗುವ ಹಾಲಪ್ಪನವರನ್ನು, ನಾವು ಕಂಡವರಲ್ಲ. ಯಾರೂ ನೋಡುವುದಿಲ್ಲವೆಂದು ಕೋಡಿಯ ಬುಡಕ್ಕೆ ಇಳಿದು ನೀರಿನ ಗೋಡೆಯ ಹಿಂದಿದ್ದವರು ಸರಿಯಾಗಿ ಆ ಗಳಿಗೆಗೆ ಮುಂದೆ ಬಂದಿದ್ದಾರೆ. ಕ್ಯಾಮೆರಾದ ಎದುರಿಗೆ ಮೌಲಾಸಾಬರ ಮೈ ಅಡ್ಡ ಬಂದು ನಮ್ಮವರಿಗೆ ಅವರು ಕಂಡಿಲ್ಲ. ಫೋಟೋದಲ್ಲಿ ಮೌಲಾಸಾಬರು ಇಲ್ಲವಲ್ಲ, ಹಿಂದಿದ್ದವರು ಪೂರ್ತಿ ಬಂದುಬಿಟ್ಟಿದ್ದಾರೆ.

ನಮ್ಮವರು ಜೋಳದ ಮೂಟೆಯ ಮೇಲೆ ಕುಸಿದು ಕೂತರು. ನೆಗೆಟಿವ್ ಸುಟ್ಟುಹಾಕಿದರೆ ಯಾರಿಗೂ ಗೊತ್ತಾಗುವುದಿಲ್ಲ ಎನ್ನುವುದು ಇಬ್ಬರಿಗೂ ಹೊಳೆದಿತ್ತು. ಕೊನೆಗೆ ಅವರೇ ಅಂದರು. "ಒಂದಿನ ಆ ಮನುಷ್ಯ ಕೋಟು ಹಾಕ್ಕೊಂಡು ಹಂಸದ ಮುಂದೆ ಕೂತ್ಕೋತಾರೆ. ಪಟ್ಟಣದೋನು ತೆಗೀತಾನೆ. ಬರೀ ಕುರ್ಚಿ ಬರುತ್ತೆ. ಯಾರು, ಯಾವಾಗ ತಗೊಂಡ್ರು ಅಂತ ಸಾಯೋವರೆಗೂ ಯೋಚನೆ ಮಾಡ್ತಾ ಇರ್ತಾರೆ. ಅದು ಬೇಡ ನಾಗೂ. ಹೋಗಿ ಹೇಳ್ಬಿಡೋಣ."

"ಕ್ಯಾಮೆರಾ?"

"ಹೋಗ್ಲಿ" ಅಂದರು. ಅನ್ನುವಾಗ ಅದರ ಪಟ್ಟಿಯನ್ನು ಕೈಗೆ ಸುತ್ತಿಕೊಳ್ಳುತ್ತಲೇ ಇದ್ದರು. ಆಮೇಲೆ ಎದ್ದು, ಇಷ್ಟು ದಿನ ಜೋಪಾನವಾಗಿಟ್ಟಿದ್ದ ದಪ್ಪ ಕಾಗದ ತೆಗೆದು, ಅದರ ಮೇಲೆ ದೊಡ್ಡದಾಗಿ ಇನ್ನೊಂದು ಪ್ರಿಂಟ್ ಹಾಕಿದರು. ಹಾಕುವಾಗಲೂ ಬಾಯಿ ಸುಮ್ಮನಿರಲಿಲ್ಲ. "ನೀರಲ್ಲಿ ತರಿ ಎಷ್ಟು ಚೆನ್ನಾಗಿ ಬಂದಿದೆ ನೋಡು."

ಸ್ಟುಡಿಯೋದಲ್ಲಿ ಹಾಲಪ್ಪನವರು ರುಮಾಲು ಕಟ್ಟಿ, ತುಟಿ ಬಿಗಿದು, ಯಾರದೋ ಫೋಟೋಗೆ ಕಟ್ಟು ಹಾಕುತ್ತಿದ್ದರು. ಅವರ ಹೆಂಡತಿ ಲಿಂಗಮ್ಮ ಒಳಬಾಗಿಲ ಹತ್ತಿರ ಅವರೆಕಾಳು ಹಿಸುಕುತ್ತಿದ್ದರು. ನಮ್ಮವರು ಮೊದಲು ಕ್ಯಾಮೆರಾ ತೆಗೆದು ಮೇಜಿನ ಮೇಲಿಟ್ಟರು.

"ಏನಪ್ಪಾ, ರಿಪೇರಿಗೇನು?" ಹಾಲಪ್ಪನವರು ಕೇಳಿದರು.

"ಅಲ್ಲ. ನಿಮಗೇ ಕೊಡೋಕೆ ಬಂದೆ" ಎಂದು ನಮ್ಮವರು ಪೇಪರ್ ಸುತ್ತಿದ್ದ ಪ್ರಿಂಟನ್ನು ಬಿಚ್ಚಿ ಮುಂದಿಟ್ಟರು.

ಹಾಲಪ್ಪನವರು ಕನ್ನಡಕ ಸರಿಮಾಡಿಕೊಂಡು ನೋಡಿದರು. ಭೂತಗನ್ನಡಿ ತಂದು ನೋಡಿದರು. "ಸ್ವಲ್ಪ ಓರೆಯಾಗಿದೆ" ಅಂದರು. ಮತ್ತೆ ನೋಡಿದರು. "ಸೈಕಲ್ಲು ಚೆನ್ನಾಗಿ ನಿಂತಿದೆ. ನೀರೂ ಪರವಾಗಿಲ್ಲ. ಹಿಂದೆ ಇರೋನು ಯಾರು? ಒಳ್ಳೆ ಖುಷಿಯಲ್ಲಿದಾನೆ. ನಮ್ಮೂರೋನಾ?"

ನಮ್ಮವರು ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ. ಲಿಂಗಮ್ಮ ಎದ್ದುಬಂದು ಗಂಡನ ಭುಜದ ಮೇಲಿಂದ ಇಣುಕಿದರು, ಕೈಯಲ್ಲಿದ್ದ ಅವರೆಕಾಳು ನೆಲಕ್ಕೆ ಉದುರಿತು.

"ಅಯ್ಯೋ ಶಿವನೇ! ನೀವೇ ಕಣ್ರೀ ಅದು!"

"ನಾನಾ?"

"ನೀವಲ್ದೆ ಇನ್ಯಾರು? ಮದುವೆ ಹೊಸದ್ರಲ್ಲಿ ಹಿಂಗೇ ನಗ್ತಿದ್ರಿ. ಹಲ್ಲು ಬಿದ್ದ ಮೇಲೆ ಅಂಗಡಿ ಮುಚ್ಚಿದಂಗೆ ಮುಚ್ಚಿಬಿಟ್ರಿ."

ಹಾಲಪ್ಪನವರಿಗೆ ಆಗ ಅರ್ಥವಾಯಿತು. ಕಟ್ಟು ಹಾಕುತ್ತಿದ್ದ ಸುತ್ತಿಗೆ ಕೆಳಗಿಟ್ಟರು. ಮುಖ ಕೆಂಪಗಾಯಿತು. "ನನ್ನ ಕೋಟು!" ಎಂದು ಕೂಗಿದರು. "ನನ್ನ ಹಂಸ! ಊರಿನೋರಿಗೆಲ್ಲ ತಲೆ ಬಾಚಿ ಕೂರಿಸಿದೋನು ನಾನು. ನನಗೆ ಮಾತ್ರ ಒದ್ದೆ ತಲೆ! ಪಂಚೆ ಎತ್ತಿ ಕಟ್ಟಿದೀನಲ್ಲೋ! ಹಲ್ಲು ಬೇರೆ..." ದನಿ ಒಡೆಯಿತು. ಆ ಮನುಷ್ಯನ ಕಣ್ಣಲ್ಲಿ ನೀರು ನೋಡಿ ನಮ್ಮವರು ಕೈಮುಗಿದು ನಿಂತುಬಿಟ್ಟರು. "ಕೂಗಿದ್ದೆ ಹಾಲಪ್ಪನೋರೇ, ಆಣೆಗೂ ಕೂಗಿದ್ದೆ. ನೀರಿನ ಸದ್ದಲ್ಲಿ ನಿಮಗೆ ಕೇಳಿಸಲಿಲ್ಲ. ತಪ್ಪು ನಂದೇ. ಬೇಕಾದ್ರೆ ಅದೇ ಸುತ್ತಿಗೇಲಿ ಕ್ಯಾಮೆರಾ ಒಡೆದುಹಾಕಿ."

ಹಾಲಪ್ಪನವರು ಸುತ್ತಿಗೆ ಎತ್ತಿಕೊಂಡರೋ ಇಲ್ಲವೋ, ಅಷ್ಟರಲ್ಲಿ ಲಿಂಗಮ್ಮ ಫೋಟೋವನ್ನು ಕೈಗೆ ತೆಗೆದುಕೊಂಡು ಗೋಡೆಯ ಹತ್ತಿರ ಹೋದರು. ಅಲ್ಲಿ ಅವರದೇ ಫೋಟೋ ಇತ್ತು, ಮದುವೆಯಾದ ವರ್ಷ ಹಾಲಪ್ಪನವರು ತೆಗೆದದ್ದು. ಜರಿ ಸೀರೆ, ಎರಡು ಜಡೆ, ಗುಡುಗು ಕೇಳಿದ ಕರುವಿನಂಥ ಕಣ್ಣು. ಅದರ ಪಕ್ಕಕ್ಕೆ ಈ ನಗುವ ಫೋಟೋ ಹಿಡಿದು ನಿಂತರು.

"ಇಲ್ಲಿ ನೋಡಿ" ಅಂದರು ಮೆಲ್ಲಗೆ. "ಅವತ್ತು ನೀವು ಉಸಿರು ಬಿಡಬೇಡ ಅಂದ್ರಿ. ಆ ಹುಡುಗಿ ಇನ್ನೂ ಬಿಟ್ಟಿಲ್ಲ. ದಿನಾ ಕಸ ಗುಡಿಸೋವಾಗ ಇವಳ ಮುಖ ನೋಡಿ ನನಗೇ ಎದೆ ಕಟ್ಟಿದಂಗಾಗುತ್ತೆ. ನಿಮ್ಮದಾದ್ರೂ ಹಿಂಗೆ ಬಂತಲ್ಲ. ನಾ ಇದನ್ನ ಯಾರಿಗೂ ಕೊಡೋಳಲ್ಲ. ಆ ಬಿಗುಮಾನದ ಮನುಷ್ಯನ್ನ ದಿನಾ ನೋಡ್ತೀನಿ, ಗೋಡೆ ಮೇಲೂ ಅವನೇ ಯಾಕೆ?"

ಹಾಲಪ್ಪನವರು ಗೋಡೆಯ ಹತ್ತಿರ ಹೋಗಿ ಎರಡೂ ಫೋಟೋ ನೋಡಿದರು. ಹೆಂಡತಿಯ ಮುಖವನ್ನೇ ಹೆಚ್ಚು ಹೊತ್ತು ನೋಡಿದರು. ರುಮಾಲು ತೆಗೆದು ಮುಖ ಒರೆಸಿಕೊಂಡರು, ತಿರುಗಿ ಕಟ್ಟಲಿಲ್ಲ. ಆಮೇಲೆ ಮೇಜಿನ ಹತ್ತಿರ ಬಂದು ನಮ್ಮವರ ಕ್ಯಾಮೆರಾ ಎತ್ತಿಕೊಂಡರು. ನಾನು ಹಿತ್ತಲ ಬಾಗಿಲ ಕಡೆ ನೋಡಿದೆ. ಅಲ್ಲಿ ಬಾವಿಯಿತ್ತು.

"ರೀಲು ಉಳಿದಿದೆಯೇನು?"

"ಇದೆ. ಹೊಸದು ಹಾಕಿದೀನಿ."

"ನೀನು ಇನ್ನೂ ಮುಗಿದಿಲ್ಲ ಅಲ್ವಾ?"

"ನಾನಾ?" ನಮ್ಮವರು ತೊದಲಿದರು. "ಇಲ್ಲ. ನನ್ನನ್ನ ಯಾರು ತೆಗೀತಾರೆ, ನಾನೇ ಯಾವಾಗಲೂ ಈ ಕಡೆ ಇರ್ತೀನಲ್ಲ."

"ಹಂಗಾದ್ರೆ ಕೂತ್ಕೋ. ನಂದು ನೀನು ತಗೊಂಡೆ, ನಿಂದು ನಾನು ತಗೋತೀನಿ. ಲೆಕ್ಕ ಚುಕ್ತಾ."

ನಮ್ಮವರು ಕುರ್ಚಿಯ ಮೇಲೆ ಕೂತರು. ಮೀಸೆಯಲ್ಲಿ ಹಿಟ್ಟಿತ್ತು, ನಾನು ಸೆರಗಿನಿಂದ ಒರೆಸಹೋದೆ; ಹಾಲಪ್ಪನವರು ಬೇಡ ಎಂದು ಕೈ ಆಡಿಸಿದರು. ಊರಿಗೆಲ್ಲ ಫೋಟೋ ಪಾಠ ಹೇಳಿದ ನನ್ನ ಗಂಡ ಆ ಕುರ್ಚಿಯಲ್ಲಿ ಒಂದು ಕಲ್ಲಿನ ಕಂಬವಾದರು. ಕತ್ತು ಸೆಟೆಯಿತು, ಕಣ್ಣು ಅಗಲವಾಯಿತು, ಕೈಯೆರಡೂ ಮಂಡಿಯನ್ನು ಹಿಡಿದುಕೊಂಡವು. ಗದ್ದ ತಾನಾಗಿ ಕೆಳಗಿಳಿಯಿತು. ಇಡೀ ಊರಿನ ಗೋಡೆಗಳ ಮೇಲಿದ್ದ ಮುಖವೇ ಅದು.

ಹಾಲಪ್ಪನವರು ಕ್ಯಾಮೆರಾವನ್ನು ಕಣ್ಣಿಗೆ ಹಿಡಿದರು. "ಉಸಿರು..." ಎಂದು ಶುರುಮಾಡಿ ನಿಲ್ಲಿಸಿದರು. ಒಂದು ಸಲ ಹೆಂಡತಿಯ ಕಡೆ ನೋಡಿದರು. ಆಮೇಲೆ, ಕ್ಯಾಮೆರಾ ಕೆಳಗಿಳಿಸದೆ, ಸಲೀಸಾಗಿ ಅಂದರು. "ಅಂದಹಾಗೆ ತಿಪ್ಪೇಸ್ವಾಮಿ, ನಿನ್ನ ಆ ಫೋಟೋಗೆ ನಾಳೆ ಕುಂಚ ಹಿಡಿದು ಬಣ್ಣ ಹಚ್ಚಿಬಿಡ್ತೀನಿ. ಕೆನ್ನೆಗೆ ಗುಲಾಬಿ, ನೀರಿಗೆ ನೀಲಿ, ಸೈಕಲ್ಲಿಗೆ ಹಸಿರು."

"ಬಣ್ಣಾನಾ!" ನಮ್ಮವರು ಕುರ್ಚಿಯಿಂದ ಅರ್ಧ ಎದ್ದೇಬಿಟ್ಟರು. ಬಲಗೈ ತೋರುಬೆರಳು ಸೂರಿನ ಕಡೆಗೆ ಹೋಯಿತು. "ಹಾಲಪ್ಪನೋರೇ, ಬಂಗಾರದಂಥ ಬೂದುಬಣ್ಣ ಇದೆ ಅದರಲ್ಲಿ, ಅದರ ಮೇಲೆ ಗುಲಾಬಿ ಬಳೀತೀರಾ? ನೀವು ದೊಡ್ಡೋರು, ನನ್ನ ಕ್ಯಾಮೆರಾ ಒಡೀರಿ, ನನ್ನನ್ನೇ ಬೇಕಾದ್ರೆ ಹೊಡೀರಿ, ಆದ್ರೆ..."

ಟಕ್ಕೆಂದು ಸದ್ದಾಯಿತು.

ಹಾಲಪ್ಪನವರು ಕ್ಯಾಮೆರಾ ಇಳಿಸಿದರು. ಹಲ್ಲಿನ ಸಂದಿ ಕಾಣುವ ಹಾಗೆ ನಕ್ಕರು. ಲಿಂಗಮ್ಮ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕರು, ನಾನು ಸೆರಗೂ ಹಿಡಿಯದೆ ನಕ್ಕೆ. ಏನಾಯಿತೆಂದು ತಿಳಿಯದೆ ನಮ್ಮವರು ಇನ್ನೂ ಬೆರಳೆತ್ತಿಕೊಂಡೇ ಇದ್ದರು.

ಇಬ್ಬರೂ ಸೇರಿಯೇ ಆ ರೀಲು ತೊಳೆದರು. ಕತ್ತಲೆ ಕೋಣೆಯ ಬಾಗಿಲ ಹೊರಗೆ ನಾನೂ ಲಿಂಗಮ್ಮನೂ ಅವರೆಕಾಳು ಆರಿಸುತ್ತಾ ಕೂತಿದ್ದೆವು. ಒಳಗೆ ಔಷಧಿ ಬೆಚ್ಚಗಿರಬೇಕೋ ತಣ್ಣಗಿರಬೇಕೋ ಎಂಬ ಜಗಳ ನಡೆದಿತ್ತು. "ನೀನು ಬಾಯಿ ಮುಚ್ಚು", "ನೀವು ಕೈ ತೆಗೀರಿ" ಎಂದು ಒಂದಷ್ಟು ಕೇಳಿಸಿತು. ಆಮೇಲೆ ಇಬ್ಬರೂ ಒಟ್ಟಿಗೆ "ಆಹಾ" ಅಂದರು.

ಆ ವರ್ಷದಿಂದ ನಮ್ಮೂರಿನ ಗೋಡೆಗಳ ಮೇಲೆ ಬೇರೆ ಬೇರೆ ಮುಖಗಳು ಬರತೊಡಗಿದವು. ಸ್ಟುಡಿಯೋದ ಕುರ್ಚಿಯಲ್ಲಿ ಕೂತವರನ್ನು ಹಾಲಪ್ಪನವರು ಮಾತಿಗೆ ಎಳೆಯುತ್ತಾರೆ, ನಮ್ಮವರು ಐವತ್ತರ ಲೆನ್ಸು ಹಿಡಿದು ಪಕ್ಕದಲ್ಲಿ ಕಾಯುತ್ತಾರೆ. ಗಿರಣಿಯನ್ನು ಅರ್ಧ ದಿನ ನಾನೇ ನೋಡಿಕೊಳ್ಳುತ್ತೇನೆ. ನಮ್ಮವರ ಫೋಟೋ ಗಿರಣಿಯಲ್ಲಿ, ತಕ್ಕಡಿಯ ಮೇಲಿನ ಗೋಡೆಯಲ್ಲಿದೆ. ಮೀಸೆಯಲ್ಲಿ ಹಿಟ್ಟು, ಬೆರಳು ಮೇಲೆ, ಬಾಯಿ ತೆರೆದಿದೆ. ಹೊರ ಊರಿನಿಂದ ಬಂದವರು ಹಿಟ್ಟಿಗೆ ಕಾಯುತ್ತಾ ಅದನ್ನು ನೋಡುತ್ತಾರೆ. "ಏನೋ ಹೇಳ್ತಾ ಇದಾರಲ್ಲಮ್ಮ, ಏನದು?" ಎಂದು ಕೇಳುತ್ತಾರೆ.

"ಕೂತ್ಕೊಳ್ಳಿ" ಅನ್ನುತ್ತೇನೆ ನಾನು. "ಇನ್ನೇನು ಬರ್ತಾರೆ, ಅವರೇ ಹೇಳ್ತಾರೆ."